ಹಿನ್ನೆಲೆ ಇರಲಿ, ತಗ್ಗಿರಲಿ
ಚಿತ್ರ ಬರೆಯುವಾಗ ಪಾತ್ರ ಎದ್ದು ಕಾಣಬೇಕಾದರೆ ಹಿನ್ನೆಲೆಯನ್ನು ಖಾಲಿ ಬಿಡಿ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಬೇಲೂರಿನ ದರ್ಪಣ ಸುಂದರಿ ಶಿಲ್ಪವನ್ನೇ ನೋಡಿ. ತಲೆಯ ಮೇಲೆ ಎಲೆ, ಬಳ್ಳಿಯ ದಟ್ಟ ಕೆತ್ತನೆ ಇದೆ. ಆದರೂ ಕಣ್ಣು ಮೊದಲು ಹೋಗುವುದು ಮುಖಕ್ಕೇ ಅಲ್ವಾ? ಎಲೆಗಳೆಲ್ಲ ಸಣ್ಣ ಸಣ್ಣವು, ನಡುನಡುವೆ ನೆರಳು ತುಂಬಿದೆ. ಕೆನ್ನೆ, ತೋಳು ಮಾತ್ರ ನುಣುಪು. ಬೆಳಕು ಅಲ್ಲೇ ನಿಲ್ಲುತ್ತದೆ.

ನಾನು ಚಿಕ್ಕಮಗಳೂರಿನವನು. ಕಾಫಿ ಹಣ್ಣು ಕೊಯ್ಯುವವರ ಚಿತ್ರ ಜಾಸ್ತಿ ಬರೆಯುತ್ತೇನೆ. ಗಿಡವನ್ನೇ ತೆಗೆದುಹಾಕಿದರೆ ಆ ಕೈ ಯಾಕೆ ಹಾಗೆ ಮೇಲೆ ಚಾಚಿದೆ ಎಂದೇ ತಿಳಿಯುವುದಿಲ್ಲ. ಅದಕ್ಕೆ ಎಲೆಗಳನ್ನು ಒಂದೊಂದಾಗಿ ಬರೆಯದೆ ಎರಡು ಹಸಿರಿನ ಗುಂಪು ಮಾಡುತ್ತೇನೆ. ಬೆರಳ ಪಕ್ಕದ ಒಂದು ಗೊಂಚಲಿಗೆ ಮಾತ್ರ ಕಡುಗೆಂಪು. ಹಿಂದಿನ ಸಿಲ್ವರ್ ಓಕ್ ಮರಗಳನ್ನು ಮಂಜಿನ ಬೂದು ಬಣ್ಣಕ್ಕೆ ಇಳಿಸಬೇಕು. ಯಾವ ಕಾಂಡವೂ ತಲೆಯಿಂದಲೇ ಹೊರಟಂತೆ ಕಾಣಬಾರದು, ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಸಾಕು.

ಹೊಸಬರಿಗೆ ಸುಮ್ನೆ ‘ಖಾಲಿ ಬಿಡಿ’ ಎಂದರೆ ಅವರು ಪಾತ್ರದ ಸುತ್ತಲಿನ ಜಾಗ ಬರೆಯುವುದನ್ನು ಕಲಿಯುವುದೇ ಇಲ್ಲ. ಚಿತ್ರವನ್ನು ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಲು ಹೇಳಿ. ಮುಖದಷ್ಟೇ ಜೋರಾಗಿ ಹಿಂದೆ ಏನು ಕಾಣುತ್ತದೋ ಅದನ್ನಷ್ಟೇ ತಗ್ಗಿಸಲಿ.