ವರ್ಷದ ಲೆಕ್ಕ ಯಾರು ಯಾರಿಗೆ ಕೊಡಬೇಕು?

ಡಿಸೆಂಬರ್ ತಿಂಗಳ ಮೂರನೆಯ ವಾರ ಬಂತೆಂದರೆ ನಮ್ಮ ಕಚೇರಿಯಲ್ಲಿ ಸ್ವಯಂ ಮೌಲ್ಯಮಾಪನದ ನಮೂನೆ ಹೊರಬರುತ್ತದೆ. ಕಳೆದ ವರ್ಷದ ಸಾಧನೆ, ಕಲಿಕೆ, ಮುಂದಿನ ಗುರಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬಿ, ಒಂದರಿಂದ ಐದರೊಳಗೆ ನಮಗೆ ನಾವೇ ಅಂಕ ಕೊಟ್ಟು ಮೇಲಕ್ಕೆ ಕಳುಹಿಸಬೇಕು. ಈ ವಾರ ಆ ನಮೂನೆಯ ಮುಂದೆ ಕುಳಿತಿದ್ದ ಒಬ್ಬ ಹುಡುಗಿಯನ್ನು ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ನಾನು ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುವವಳು, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನೀರೆತ್ತುವ ಪಂಪುಗಳ ಬಿಡಿಭಾಗದ ವಿಭಾಗದಲ್ಲಿ ಇರುವವಳು ಎಂಬುದು ಇಲ್ಲಿರುವ ಬಹುತೇಕರಿಗೆ ಗೊತ್ತು. ಈ ಹುಡುಗಿ ನಮ್ಮ ವಿಭಾಗದವಳೇ. ಹೆಸರು ಬೇಡ. ‘ಈ ವರ್ಷದ ಪ್ರಮುಖ ಸಾಧನೆಗಳು’ ಎಂಬ ಅಂಕಣದಲ್ಲಿ ‘ವಿಶೇಷವೇನಿಲ್ಲ’ ಎಂದು ಬರೆದಳು, ಅಳಿಸಿದಳು, ಮತ್ತೆ ಅದನ್ನೇ ಬರೆದಳು. ಆಮೇಲೆ ನನ್ನ ಕಡೆ ತಿರುಗಿ, ‘ಅಕ್ಕಾ, ನಾನು ಈ ವರ್ಷ ಏನು ಮಾಡಿದೆ?’ ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು.

ಅವಳು ಏನು ಮಾಡಿದಳೆಂದು ಹೇಳುತ್ತೇನೆ ಕೇಳಿ. ವರ್ಷದ ಆರಂಭದಲ್ಲಿ ನಮ್ಮ ಬಿಡಿಭಾಗಗಳ ಸಂಖ್ಯೆಗಳೆಲ್ಲ ಬದಲಾದವು. ಹಳ್ಳಿಯ ಮೆಕ್ಯಾನಿಕ್‌ಗಳಿಗೆ ಹಳೆಯ ಸಂಖ್ಯೆಯೇ ಬಾಯಿಪಾಠ. ಅವರು ಹಳೆಯ ಸಂಖ್ಯೆ ಹೇಳುವುದು, ನಾವು ತಪ್ಪು ಸೀಲ್, ತಪ್ಪು ಬೇರಿಂಗ್ ಕಳುಹಿಸುವುದು, ಅತ್ತ ಬೇಸಿಗೆಯಲ್ಲಿ ರೈತನ ಮೋಟಾರು ಬಾಯಿ ತೆರೆದುಕೊಂಡು ಬಿದ್ದಿರುವುದು. ಮಳವಳ್ಳಿ, ನಾಗಮಂಗಲ, ಹುಣಸೂರಿನ ಕಡೆಯ ಮೆಕ್ಯಾನಿಕ್‌ಗಳಿಗೆ ಈ ಹುಡುಗಿ ಊಟದ ಬಿಡುವಿನಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡಿ, ಯಾವ ಭಾಗಕ್ಕೆ ಅವರು ಏನೆನ್ನುತ್ತಾರೆ ಎಂದು ಕೇಳಿ ಕೇಳಿ ಬರೆದುಕೊಂಡಳು. ಎಡಗಡೆ ಹಳೆಯ ಸಂಖ್ಯೆ ನೀಲಿ ಶಾಯಿಯಲ್ಲಿ, ಬಲಗಡೆ ಹೊಸ ಸಂಖ್ಯೆ ಕೆಂಪಿನಲ್ಲಿ, ನಡುವೆ ಮೆಕ್ಯಾನಿಕ್‌ಗಳ ಬಾಯಲ್ಲಿರುವ ಹೆಸರು. ಕೈಯಲ್ಲೇ ಬರೆದ ಆ ಪಟ್ಟಿಯನ್ನು ಉಗ್ರಾಣದ ಬೀರುವಿನ ಬಾಗಿಲಿಗೆ ಅಂಟಿಸಿದಳು. ಬೆರಳು ತಾಗಿ ತಾಗಿ ಅದರ ಅಂಚೆಲ್ಲ ಈಗ ಕಪ್ಪಾಗಿದೆ, ಅಷ್ಟು ಜನ ದಿನವೂ ಅದನ್ನು ನೋಡುತ್ತಾರೆ. ತಪ್ಪು ಭಾಗ ಹೋಗುವುದು ಹೆಚ್ಚುಕಡಿಮೆ ನಿಂತೇಹೋಯಿತು. ಇದೇ ವರ್ಷ ಅವಳ ಅಮ್ಮ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ರಾತ್ರಿ ಆಸ್ಪತ್ರೆ, ಬೆಳಿಗ್ಗೆ ಕಚೇರಿ.

ಇದನ್ನೇ ಬರೆ ಎಂದೆ. ‘ಅದು ಯಾರೂ ಹೇಳಿದ ಕೆಲಸವಲ್ಲವಲ್ಲ ಅಕ್ಕಾ, ಗುರಿಪಟ್ಟಿಯಲ್ಲಿ ಇಲ್ಲ’ ಎಂದಳು.

ಪಕ್ಕದ ಮೇಜಿನವರು ಚಹಾ ಮುಗಿಯುವುದರೊಳಗೆ ಎಲ್ಲ ಅಂಕಣ ತುಂಬಿಸಿ ಎದ್ದರು. ಬರೆದುಕೊಟ್ಟದ್ದು ಕೃತಕ ಬುದ್ಧಿಮತ್ತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮೂನೆ ಕೇಳಿದ್ದನ್ನು ಅವರು ಕೊಟ್ಟರು. ಅದು ಕೇಳುವುದು ಓದುವವರಿಗೆ ಹಿತವಾಗುವ ನಾಲ್ಕು ಸಾಲುಗಳನ್ನು. ವರ್ಷವಿಡೀ ಬದುಕಿದ ಮನುಷ್ಯ ತನ್ನ ವರ್ಷವನ್ನು ತಾನು ನೋಡಿಕೊಳ್ಳಲು ಅದರಲ್ಲಿ ಜಾಗವೇ ಇಲ್ಲ. ನನ್ನ ಸಿಟ್ಟು ಇದು, ಇಷ್ಟೇ, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ: ಹಿಂತಿರುಗಿ ನೋಡುವ ಕೆಲಸವನ್ನು ನಮ್ಮಿಂದ ಕಿತ್ತುಕೊಂಡು ಇನ್ನೊಬ್ಬರ ಕಣ್ಣಿಗೆ ಒಪ್ಪಿಸಲಾಗಿದೆ.

ಅದೂ ಎಂಥ ಕಣ್ಣು! ಕೊನೆಗೆ ಅಂಕ ಕೊಡುವ ಮೇಲಿನವರಿಗೆ ನೆನಪಿರುವುದು ಕೊನೆಯ ಎರಡು ತಿಂಗಳು. ಮೌಲ್ಯಮಾಪನದ ಬಗ್ಗೆ ಅಧ್ಯಯನ ಮಾಡಿದವರೆಲ್ಲ ಬಹಳ ಹಿಂದೆಯೇ ಗುರುತಿಸಿರುವ ದೋಷವಿದು. ಬೇಸಿಗೆಯಲ್ಲಿ ಅಂಟಿಸಿದ ಪಟ್ಟಿ ಡಿಸೆಂಬರಿನ ಹೊತ್ತಿಗೆ ಗೋಡೆಯ ಬಣ್ಣದಷ್ಟೇ ಸಹಜವಾಗಿಬಿಟ್ಟಿರುತ್ತದೆ, ಅದನ್ನು ಯಾರು ಮಾಡಿದರೆಂಬುದೂ ಮರೆತಿರುತ್ತದೆ. ನವೆಂಬರಿನಲ್ಲಿ ಒಂದು ಒಳ್ಳೆಯ ಪ್ರಾತ್ಯಕ್ಷಿಕೆ ತೋರಿಸಿದವರು ಐದು ಅಂಕದವರು. ಅದರ ಮೇಲೆ ಇಷ್ಟೇ ಜನರಿಗೆ ಐದು, ಇಷ್ಟು ಜನರಿಗೆ ಮೂರು ಎಂಬ ಲೆಕ್ಕ ನಮೂನೆ ಹೊರಬರುವ ಮೊದಲೇ ಆಗಿರುತ್ತದೆ. ಉತ್ತರ ನಿರ್ಧರಿಸಿಟ್ಟುಕೊಂಡು ಪ್ರಶ್ನೆ ಕೇಳುವುದು ಅವಮಾನ.

ಸರ್ಕಾರಿ ನೌಕರಿಯಲ್ಲಿರುವ ಗೆಳೆಯರು, ನಮ್ಮಲ್ಲಿ ಇದೆಲ್ಲ ಇಲ್ಲ ಎನ್ನಬೇಡಿ. ನಿಮ್ಮಲ್ಲಿ ಇದ್ದದ್ದು ಗೌಪ್ಯ ವರದಿ. ಒಬ್ಬ ಮನುಷ್ಯನ ವರ್ಷದ ಕೆಲಸದ ಬಗ್ಗೆ ಬರೆದದ್ದು ಆ ಮನುಷ್ಯನಿಗೇ ಗೌಪ್ಯ! ಗಡಿ ರಸ್ತೆಗಳ ಇಂಜಿನಿಯರಿಂಗ್ ಸೇವೆಯಲ್ಲಿದ್ದ ದೇವ್ ದತ್ ಎಂಬ ಕಾರ್ಯನಿರ್ವಾಹಕ ಇಂಜಿನಿಯರ್‌ಗೆ ಒಂದು ವರ್ಷ ‘ಉತ್ತಮ’ ಎಂದು ಬರೆದರು. ಬಡ್ತಿಗೆ ‘ಬಹಳ ಉತ್ತಮ’ ಬೇಕಾಗಿತ್ತು. ಹೊಗಳಿಕೆಯಂತೆ ಕಾಣುವ ಆ ಪದವೇ ಅವರ ದಾರಿಗೆ ಅಡ್ಡ ನಿಂತಿತು, ಅದು ಬರೆಯಲ್ಪಟ್ಟಿದೆ ಎಂಬುದನ್ನೂ ಅವರಿಗೆ ತಿಳಿಸಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್, ಕೆಟ್ಟದ್ದಿರಲಿ ಒಳ್ಳೆಯದಿರಲಿ, ವಾರ್ಷಿಕ ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಲೇಬೇಕು ಎಂದು ತೀರ್ಪು ಕೊಟ್ಟಿತು. ನನ್ನ ವರ್ಷದ ಬಗ್ಗೆ ಏನು ಬರೆದಿದ್ದಾರೆಂದು ನನಗೆ ತಿಳಿಯಲು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಹೊಟ್ಟೆ ಉರಿಯುವುದು ಇನ್ನೂ ಹೆಚ್ಚು, ಏಕೆಂದರೆ ಇದು ಮೈಸೂರು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದದ್ದು ಈ ಊರಿನಲ್ಲೇ, ದಸರೆಯ ಹೊತ್ತಿನಲ್ಲಿ. ಆ ವರ್ಷ ಅಕ್ಟೋಬರ್ 7ರಂದು 144 ಜನ ಪ್ರತಿನಿಧಿಗಳು ಸೇರಿದ್ದರು. ದಿವಾನರು ಎದ್ದುನಿಂತು ಆಡಳಿತದ ಲೆಕ್ಕವನ್ನು ಅವರ ಮುಂದೆ ಇಟ್ಟರು. ಆಮೇಲೆ ಪ್ರತಿನಿಧಿಗಳು ತಮ್ಮ ತಮ್ಮ ಕಡೆಯ ಕುಂದುಕೊರತೆ ಹೇಳಿದರು. ಪ್ರತಿ ದಸರೆಯಲ್ಲೂ ಇದು ನಡೆದುಕೊಂಡು ಬಂತು, ದಿವಾನರು ಬದಲಾದರೂ ಸಂಪ್ರದಾಯ ಉಳಿಯಿತು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಬಂದವರಲ್ಲಿ ಹೆಚ್ಚಿನವರು ಭೂಮಿಯಿದ್ದವರು, ವ್ಯಾಪಾರಿಗಳು. ಆದರೂ ಅಲ್ಲಿ ಲೆಕ್ಕ ಕೊಟ್ಟದ್ದು ಮೇಲೆ ಕುಳಿತವರು, ಕೇಳಿದ್ದು ಕೆಳಗೆ ಕುಳಿತವರು. ಬ್ರಿಟಿಷರ ಕೈಯಿಂದ ರಾಜ್ಯ ಒಡೆಯರಿಗೆ ಮರಳಿದ ವರ್ಷವೇ ಒಬ್ಬ ದಿವಾನರಿಗೆ ಹಾಗನ್ನಿಸಿತು. ನಮ್ಮ ಕಚೇರಿಗಳಲ್ಲಿ ಇವತ್ತಿಗೂ ಲೆಕ್ಕ ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯುತ್ತದೆ. ಸಂಖ್ಯೆ ಬದಲಾಯಿಸಿದಾಗ ಪಟ್ಟಿ ಏಕೆ ಮಾಡಿಕೊಡಲಿಲ್ಲ, ನಾವು ಕೇಳಿದ ಇನ್ನೊಬ್ಬ ನೌಕರನನ್ನು ಏಕೆ ಕೊಡಲಿಲ್ಲ ಎಂದು ಮೇಲಿನವರು ಬರೆಯಬೇಕಾದ ಅಂಕಣವನ್ನು ನಾನು ಈವರೆಗೆ ನೋಡಿಲ್ಲ.

ಕೊನೆಯ ವಾರದಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಬರುವ ವರ್ಷದ ಚಿತ್ರಮಾಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಗುವಿನ ನಾಮಕರಣ, ಹೊಸ ಸ್ಕೂಟರ್, ಚಾಮುಂಡಿ ಬೆಟ್ಟದ ಮೆಟ್ಟಿಲು, ಎಲ್ಲವೂ ಸಂತೋಷವೇ. ಆದರೆ ಅದನ್ನೇ ಹಿಂತಿರುಗಿ ನೋಡುವುದು ಎಂದುಕೊಂಡರೆ, ಮನೆಯಲ್ಲೂ ಅದೇ ನಮೂನೆ ತುಂಬಿದಂತಾಯಿತು.

ಹಿಂತಿರುಗಿ ನೋಡುವುದನ್ನು ನಾನು ಕಲಿತದ್ದು ಅಪ್ಪನಿಂದ. ವಿಶ್ವೇಶ್ವರಯ್ಯ ನಾಲೆಯ ಕೆಳಗೆ ನಮ್ಮ ಗದ್ದೆ. ಕಬ್ಬು ಬೆಳೆಯುವವರಿಗೆ ಪ್ರತಿ ವರ್ಷ ಕಟಾವಾದ ಮೇಲೆ ಒಂದು ತೀರ್ಮಾನ ಕಾದಿರುತ್ತದೆ: ಬುಡದಿಂದ ಮತ್ತೆ ಚಿಗುರಲು ಕೂಳೆ ಬಿಡಬೇಕೋ, ಅಗೆದು ಹೊಸದಾಗಿ ತನಿ ಬೆಳೆ ಹಾಕಬೇಕೋ? ಕೂಳೆ ಬಿಟ್ಟರೆ ಬಿತ್ತನೆಯ ಖರ್ಚಿಲ್ಲ, ಉಳುಮೆಯ ಖರ್ಚಿಲ್ಲ. ಆದರೆ ವರ್ಷ ಕಳೆದಂತೆ ಸಾಲಿನ ನಡುವೆ ಖಾಲಿ ಬೀಳುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ಇಳುವರಿ ಇಳಿಯುತ್ತದೆ. ನೆನಪಿನ ಮೇಲೆ ತೀರ್ಮಾನ ಮಾಡಿದರೆ ಎಲ್ಲರೂ ಕೂಳೆಯನ್ನೇ ಬಿಡುತ್ತಾರೆ, ಸುಲಭ ನೋಡಿ. ಅಪ್ಪ ಪುಸ್ತಕ ತೆಗೆಯುತ್ತಾರೆ. ಉದ್ದನೆಯ, ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ಒಂದು ಪುಟದಲ್ಲಿ ಹೀಗಿದೆ: ‘ಮೇಲಿನ ಗದ್ದೆ. ಕೂಳೆ ಎರಡನೆಯದು. ನಡುವೆ ಖಾಲಿ ಜಾಸ್ತಿ. ಕಟ್ಟು ನೀರು ತಡವಾಗಿ ಬಂತು. ಗೊಬ್ಬರ ನಾನೇ ತಡ ಮಾಡಿದೆ. ತರಗು ಸುಡಲಿಲ್ಲ, ಹರಡಿದೆ, ಕಳೆ ಕಡಿಮೆ.’

ಆ ಆರು ಸಾಲು ನೋಡಿ. ಸರದಿಯಲ್ಲಿ ಬಿಡುವ ನಾಲೆಯ ನೀರಿನಿಂದಾದ ತೊಂದರೆ, ತನ್ನಿಂದಾದ ತಡ, ತಾನು ಮಾಡಿದ ಒಳ್ಳೆಯ ಕೆಲಸ, ಎಲ್ಲವೂ ಒಂದೇ ಶಾಯಿಯಲ್ಲಿ, ಒಂದರ ಪಕ್ಕ ಒಂದು. ಅದನ್ನು ಯಾರಿಗೂ ಕಳುಹಿಸಬೇಕಿಲ್ಲ. ಅದಕ್ಕೇ ಅದರಲ್ಲಿ ಸುಳ್ಳಿಲ್ಲ. ಓದಿ ಮುಗಿಸಿ, ಮೇಲಿನ ಗದ್ದೆಗೆ ಈ ಸಲ ತನಿ, ಕೆಳಗಿನದಕ್ಕೆ ಇನ್ನೊಂದು ವರ್ಷ ಕೂಳೆ ಎಂದು ತೀರ್ಮಾನಿಸುತ್ತಾರೆ. ಹಿಂದಿನ ವರ್ಷವನ್ನು ನೋಡಿದ್ದು ಮುಂದಿನ ವರ್ಷದ ಕೆಲಸವನ್ನು ಬದಲಾಯಿಸಿತು. ನಮ್ಮ ಕಚೇರಿಯ ನಮೂನೆ ತುಂಬಿದ ಮೇಲೆ ಯಾರ ಯಾವ ಕೆಲಸ ಬದಲಾಗಿದೆ, ಹೇಳಿ?

‘ಅಳತೆಯೇ ಇಲ್ಲದಿದ್ದರೆ ಸಂಸ್ಥೆ ನಡೆಯುವುದು ಹೇಗೆ, ಸಂಬಳ ಹೆಚ್ಚಿಸುವುದು ಯಾವ ಆಧಾರದ ಮೇಲೆ?’ ಎಂದು ನಮ್ಮ ಮೇಲಧಿಕಾರಿಯೊಬ್ಬರು ನನಗೆ ಕೇಳಿದರು. ಮಂಡ್ಯದವರಿಗೆ ಅಳತೆಯ ಪಾಠ ಬೇಡ ಸ್ವಾಮಿ. ಪತ್ರಿಕೆ ಕೈಗೆ ಬಂದರೆ ನಾವು ಮೊದಲು ನೋಡುವುದೇ ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟಿತ್ತು. 2023ರಲ್ಲಿ ಮಳೆ ಕೈಕೊಟ್ಟು ಅಣೆಕಟ್ಟೆ ತುಂಬಲಿಲ್ಲ, ನಾವು ಬೀದಿಗಿಳಿದೆವು. 2024ರ ಜುಲೈನಲ್ಲಿ ತುಂಬಿತು. ಎರಡೂ ವರ್ಷ ಮಟ್ಟದ ಪಕ್ಕದಲ್ಲೇ ಒಳಹರಿವನ್ನೂ ಬರೆದರು. ನಿಮ್ಮ ನಮೂನೆ ಮಟ್ಟವನ್ನು ಮಾತ್ರ ಕೇಳುತ್ತದೆ. ಈ ಹುಡುಗಿಗೆ ಈ ವರ್ಷ ನಿಮ್ಮಿಂದ ಹರಿದುಬಂದದ್ದು ಎಷ್ಟು, ಅವಳಿಂದ ನಿಮಗೆ ಹರಿದುಹೋದದ್ದು ಎಷ್ಟು, ಎರಡನ್ನೂ ದಿನದಿನ ಬರೆದಿಡಿ. ಆಗ ನಿಮ್ಮ ಅಳತೆಗೆ ನಾನು ತಲೆಬಾಗುತ್ತೇನೆ.

ಇನ್ನು ನನ್ನ ವಿಷಯ. ಇಲ್ಲಿ ಯಾರಿಗೂ ಹೇಳಿರಲಿಲ್ಲ. ಈ ವರ್ಷ ನನಗೆ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯೊಂದು ಬಂದಿತ್ತು. ಬೇಡ ಎಂದೆ. ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲ, ಒಲ್ಲೆ ಎಂದದ್ದನ್ನು ಸಾಧನೆ ಎನ್ನುವವರು ಯಾರು? ಆದರೆ ನನ್ನ ವರ್ಷದ ಅತಿ ದೊಡ್ಡ ಕೆಲಸ ಅದೇ. ಕೆಲವು ರಾತ್ರಿ ಎದ್ದು ಕುಳಿತಿದ್ದೇನೆ, ಆ ಕುರ್ಚಿಯಲ್ಲಿ ಈಗ ಕುಳಿತವರನ್ನು ನೆನೆದು ಹೊಟ್ಟೆಕಿಚ್ಚೂ ಪಟ್ಟಿದ್ದೇನೆ. ಒಲ್ಲೆ ಎಂದ ದಿನವೇ ಕಾರಣಗಳನ್ನೆಲ್ಲ ಒಂದು ಪುಟದಲ್ಲಿ ಬರೆದಿಟ್ಟೆ: ಅಪ್ಪನ ವಯಸ್ಸು, ಮಗಳ ಹತ್ತನೆಯ ತರಗತಿ, ಆ ಕೆಲಸದಲ್ಲಿ ಪಂಪು ಮುಟ್ಟುವುದೇ ಇರುವುದಿಲ್ಲ ಎಂಬ ಸಂಕಟ.

ಅಂದೇ ಬರೆಯುವುದು ಏಕೆ ಮುಖ್ಯ ಎಂದರೆ, ಫಲಿತಾಂಶ ತಿಳಿದ ಮೇಲೆ ಮನಸ್ಸು ತನ್ನ ಹಳೆಯ ಲೆಕ್ಕವನ್ನು ತಾನೇ ತಿದ್ದಿಬಿಡುತ್ತದೆ. 1975ರಲ್ಲಿ ಬರೂಕ್ ಫಿಶ್‌ಹಾಫ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಪರೀಕ್ಷಿಸಿ ತೋರಿಸಿದರು. 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಕಾದಾಟದ ವಿವರವನ್ನು ಓದಲು ಕೊಟ್ಟು, ಕೆಲವರಿಗೆ ಬ್ರಿಟಿಷರು ಗೆದ್ದರೆಂದರು, ಕೆಲವರಿಗೆ ಗೂರ್ಖರು ಗೆದ್ದರೆಂದರು. ಯಾವ ಫಲಿತಾಂಶ ಹೇಳಿದರೋ ಅದೇ ಆಗುವ ಸಾಧ್ಯತೆ ಮೊದಲಿನಿಂದಲೂ ಹೆಚ್ಚಿತ್ತು ಎಂದು ಓದಿದವರಿಗೆ ಅನ್ನಿಸಿತು. ನಾಳೆ ನಮ್ಮ ಕಂಪನಿ ನಷ್ಟಕ್ಕೆ ಬಿದ್ದರೆ ‘ಅಂದೇ ಗೊತ್ತಿತ್ತು, ಹೋಗಬೇಕಿತ್ತು’ ಎಂದು ನನಗೂ ಅನ್ನಿಸುತ್ತದೆ. ಆಗ ಆ ಪುಟ ತೆಗೆದು ಓದುತ್ತೇನೆ. ಅಂದು ತಿಳಿದಿದ್ದ ಸಂಗತಿಗಳಿಗೆ ಅಂದು ಮಾಡಿದ ತೀರ್ಮಾನ ಸರಿಯಿತ್ತೇ ಎಂದು ಮಾತ್ರ ನನ್ನನ್ನು ನಾನು ಕೇಳಿಕೊಳ್ಳಬೇಕು.

ಈ ಭಾನುವಾರ ಬ್ಯಾಂಕಿನ ಪಾಸ್‌ಬುಕ್, ರಜೆಯ ಪಟ್ಟಿ, ನನ್ನ ದಿನಚರಿ ಇಟ್ಟುಕೊಂಡು ಕೂರುತ್ತೇನೆ. ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ, ಯಾವುದನ್ನು ನೆನೆದರೆ ಹಿಂದಿನ ಸಂಜೆಯೇ ಹೊಟ್ಟೆ ಹಿಂಡಿತು, ಯಾರಿಂದ ಕಲಿತೆ, ಯಾರಿಗೆ ಕಲಿಸಿದೆ, ದುಡ್ಡು ಎಲ್ಲಿಗೆ ಹೋಯಿತು, ಆರೋಗ್ಯ ಎಲ್ಲಿ ಸೋರಿತು, ಎಲ್ಲವನ್ನೂ ನೋಡುತ್ತೇನೆ. ಅದನ್ನು ಇಲ್ಲಿ ಹಾಕುವುದಿಲ್ಲ.

ಹುಡುಗಿಯ ಅಂಕಣಕ್ಕೆ ಇಬ್ಬರೂ ಸೇರಿ ಆ ಪಟ್ಟಿಯ ಸಂಗತಿಯನ್ನು ಬರೆದೆವು, ತಿಂಗಳೊಂದಿಗೆ, ಮೊದಲು ಎಷ್ಟು ತಪ್ಪು ಹೋಗುತ್ತಿತ್ತು, ಈಗ ಎಷ್ಟು ಎಂಬುದರೊಂದಿಗೆ. ಬೀರುವಿನ ಬಾಗಿಲ ಚಿತ್ರವನ್ನೂ ಲಗತ್ತಿಸಿದ್ದೇವೆ. ಜೊತೆಗೆ ವಿಭಾಗದ ಪರವಾಗಿ ಒಂದು ಪತ್ರ ಸಿದ್ಧ ಮಾಡಿದ್ದೇನೆ: ಜನವರಿಯಲ್ಲಿ ಒಂದು ದಿನ ವಿಭಾಗದ ಎಲ್ಲರೂ ಸೇರಿದ ಸಭೆಯಲ್ಲಿ, ಈ ವರ್ಷ ನಾವು ಏನೇನು ಕೇಳಿದೆವು, ಅದರಲ್ಲಿ ಏನು ಕೊಟ್ಟರು, ಏನು ಕೊಡಲಿಲ್ಲ, ಏಕೆ ಎಂಬ ಲೆಕ್ಕವನ್ನು ಮೇಲಿನವರು ಎದ್ದುನಿಂತು ಹೇಳಬೇಕು, ಆಮೇಲೆ ನಮ್ಮ ಮಾತು ಕೇಳಬೇಕು. ಸೋಮವಾರ ಕೊಡುತ್ತೇನೆ. ಕಚೇರಿಯ ಗೆಳೆಯರು ಇದನ್ನು ಓದುತ್ತಿದ್ದರೆ, ಸಹಿ ಹಾಕುವವರು ಬೆಳಿಗ್ಗೆ ಹತ್ತರೊಳಗೆ ಉಗ್ರಾಣದ ಹತ್ತಿರ ಬನ್ನಿ.