ಇಲ್ಲಿ ನಗಬೇಕು

ಬೆನ್ನುಡಿಯಲ್ಲಿ 'ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ' ಎಂದು ಬರೆದ ಮಹಾಶಯರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಮುರಿದುಬೀಳಲಿರುವ ಸಂಸಾರವೊಂದರ ಹಾಸ್ಯ ಕಾದಂಬರಿಯನ್ನು ನಿನ್ನೆ ರಾತ್ರಿ ಓದಿ ಮುಗಿಸಿದೆ. ಹೊಟ್ಟೆಗೆ ಏನೂ ಆಗಲಿಲ್ಲ. ಹಲ್ಲು ಮಾತ್ರ ಕಡಿದು ಕಡಿದು ನೋಯುತ್ತಿದೆ.

ಗಂಡ ಗೊರಕೆ ಹೊಡೆಯುತ್ತಾನೆ, ಹೆಂಡತಿ ಗೊಣಗುತ್ತಾಳೆ. ಮೊದಲ ಅಧ್ಯಾಯದಲ್ಲಿ ಗೊರಕೆ ರೈಲಿನಂತಿದೆ, ಮೂರನೆಯದರಲ್ಲಿ ಟ್ರ್ಯಾಕ್ಟರಿನಂತೆ, ಐದನೆಯದರಲ್ಲಿ ಯುದ್ಧವಿಮಾನದಂತೆ. ವಾಹನಗಳೆಲ್ಲ ಮುಗಿದ ಮೇಲೆ ಅತ್ತೆ ಬರುತ್ತಾರೆ. ಗಂಡ ಹೆಂಡತಿ ಆಪ್ತಸಮಾಲೋಚಕರ ಬಳಿ ಹೋದರೆ ಅವರಿಗೇ ವಿಚ್ಛೇದನವಾಗಿದೆ ಎಂಬುದು ಕಥೆಯ ದೊಡ್ಡ ತಿರುವು. ಬಾಗಿಲು ತಟ್ಟುವ ಮೊದಲೇ ಅದು ನಮಗೆ ಗೊತ್ತಾಗಿರುತ್ತದೆ. ಪ್ರತಿ ಚಟಾಕಿಯ ಕೊನೆಗೂ ಪಾತ್ರಗಳು ತಾವೇ ಗೊಳ್ಳೆಂದು ನಗುತ್ತವೆ. ಅವರೇ ಅಷ್ಟು ನಕ್ಕ ಮೇಲೆ ನನಗಿನ್ನೇನು ಕೆಲಸ?

ಸಂಸಾರದ ಜಗಳದಲ್ಲಿ ಹಾಸ್ಯವಿಲ್ಲವೆಂದಲ್ಲ. ಷೇಕ್ಸ್‌ಪಿಯರನ ಹೆಚ್ಚಿನ ಹಾಸ್ಯ ನಾಟಕಗಳು ಮದುವೆಯೊಂದಿಗೆ ಮುಗಿಯುತ್ತವೆ. ಮುಂದಿನದು ತನ್ನಿಂದಾಗದು ಎಂದುಕೊಂಡನೋ ಏನೋ. ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕೂಡ ಮದುವೆಗಳಲ್ಲೇ ಮುಗಿಯುತ್ತದೆ. ಆದರೆ ಮೊದಲ ಅಧ್ಯಾಯದ ಕೊನೆಯಲ್ಲೇ ಬೆನೆಟ್ ದಂಪತಿಯ ಬಗ್ಗೆ ಒಂದು ಮಾತು ಬರುತ್ತದೆ: 23 ವರ್ಷ ಜೊತೆಗೆ ಬಾಳಿದರೂ ಗಂಡನ ಸ್ವಭಾವ ಹೆಂಡತಿಗೆ ಅರ್ಥವಾಗಿರಲಿಲ್ಲವಂತೆ. ಗೊರಕೆಯಿಲ್ಲ, ಯುದ್ಧವಿಮಾನವಿಲ್ಲ. ನಗು ಬರುತ್ತದೆ, ಬೆನ್ನಿಗೇ ಇಬ್ಬರನ್ನೂ ಕಂಡು ಪಾಪ ಎನ್ನಿಸುತ್ತದೆ.

ಕೆಟ್ಟ ವಾಕ್ಯ ಕಂಡರೆ ಪೆನ್ಸಿಲಿನಿಂದ ಗೆರೆ ಎಳೆಯುವುದು ನನ್ನ ಚಾಳಿ. ಒಳ್ಳೆಯ ವಾಕ್ಯಕ್ಕೆ ಎಳೆಯುವುದಿಲ್ಲ, ಅದು ಹೇಗೂ ನೆನಪಿರುತ್ತದೆ. ಈ ಕಟ್ಟಳೆ ನಮ್ಮವರಿಗೆ ತಿಳಿದಿರಲಿಲ್ಲ. ಕಳೆದ ವಾರ ನಾನು ಅರ್ಧ ಓದಿ ಸೋಫಾದ ಮೇಲೆ ಬಿಟ್ಟಿದ್ದ ಪುಸ್ತಕವನ್ನು ಅವರು ತೆರೆದರು. ಕಣ್ಣಿಗೆ ಬಿದ್ದ ಸಾಲು: 'ನಿದ್ದೆಯೊಂದನ್ನು ಬಿಟ್ಟರೆ ಅವನಿಗೆ ಜಗತ್ತಿನ ಯಾವುದರಲ್ಲೂ ಆಸಕ್ತಿ ಇರಲಿಲ್ಲ!!!' ಕೆಳಗೆ ನನ್ನ ಗೆರೆ. ಒಂದಲ್ಲ, ಎರಡು, ಆ ಮೂರು ಆಶ್ಚರ್ಯಸೂಚಕ ಚಿಹ್ನೆಗಳಿಗೆ ಒಂದು ಗೆರೆ ಸಾಲುತ್ತಿರಲಿಲ್ಲ.

ಅವರು ಏನೂ ಹೇಳಲಿಲ್ಲ. ಆಸಕ್ತಿ ವಹಿಸತೊಡಗಿದರು. ಪರದೆಗಳು ಯಾವಾಗಿನಿಂದ ಈ ಬಣ್ಣದಲ್ಲಿವೆ ಎಂದು ಕೇಳಿದರು. ತಂಗಿಯೊಂದಿಗೆ ಮಾತನಾಡಿ ಫೋನ್ ಇಡುತ್ತಿದ್ದಂತೆ 'ಏನಂತೆ?' ಎಂದರು. ಹೇಳಿದೆ. 'ಆಮೇಲೆ?' ಎಂದರು. ಆಮೇಲೆ ಏನೂ ಇರಲಿಲ್ಲ. ಒಗೆದ ಬಟ್ಟೆ ಮಡಚುವಾಗ ಎದುರಿಗೆ ಬಂದು ಕುಳಿತು, ಕಾಲುಚೀಲದ ಜೋಡಿ ಹುಡುಕುವುದಕ್ಕೆ ನಾನು ಅನುಸರಿಸುವ ಕ್ರಮ ಯಾವುದೆಂದು ವಿಚಾರಿಸಿದರು. ಇಷ್ಟು ವರ್ಷ ಎರಡೂ ಕಾಲಿಗೆ ಬೇರೆ ಬೇರೆ ಬಣ್ಣದ್ದು ಹಾಕಿಕೊಂಡು ಓಡಾಡಿದ ಮನುಷ್ಯ! ರಾತ್ರಿ ಎಚ್ಚರವಾದಾಗ ನೋಡಿದರೆ ದಿಂಬಿಗೆ ಒರಗಿ ನೆಟ್ಟಗೆ ಕುಳಿತಿದ್ದಾರೆ.

'ನಿದ್ದೆ ಬರುತ್ತಿಲ್ಲವೇ?'

'ಬರುತ್ತಿದೆ. ಮಾಡುತ್ತಿಲ್ಲ.'

ಆಗ ವಿಷಯ ಹೊರಬಿತ್ತು. ಆ ವಾಕ್ಯ ಕೆಟ್ಟದಾಗಿದೆಯೆಂದು ಗೆರೆ ಎಳೆದೆ ಎಂದೆ. 'ಕೆಟ್ಟದಾಗಿ ಬರೆದಿದ್ದಾರೆಂದೋ, ಸುಳ್ಳು ಬರೆದಿದ್ದಾರೆಂದೋ?' ಎಂದರು. ಸಾಹಿತ್ಯ ವಿಮರ್ಶಕರೂ ಇಷ್ಟು ಸೂಕ್ಷ್ಮವಾದ ಪ್ರಶ್ನೆ ಕೇಳುವುದು ಅಪರೂಪ. ನಾನು ಉತ್ತರಕ್ಕೆ ತಡವರಿಸಿದ್ದೇ ಉತ್ತರವಾಯಿತು.

ಇಡೀ ಪುಸ್ತಕದಲ್ಲಿ ನನ್ನ ಪೆನ್ಸಿಲ್ ಸುಮ್ಮನಾದ ಜಾಗ ಒಂದಿದೆ. ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಅವಳು ಮಲಗಿದ ಮೇಲೆ ಅವನು ಅವಳ ಮೊಬೈಲನ್ನು ಚಾರ್ಜಿಗೆ ಹಾಕಿ, ಅವಳು ಏಳುವ ಮೊದಲು ತೆಗೆದು ಮೊದಲಿನ ಜಾಗದಲ್ಲೇ ಇಡುತ್ತಾನೆ. ಹಳೆಯ ಫೋನಾದರೂ ಬ್ಯಾಟರಿ ಗಟ್ಟಿ ಎಂದು ಅವಳು ನಂಬಿದ್ದಾಳೆ. ಎರಡೇ ಸಾಲು. ಓದಿ, ನಮ್ಮ ಮನೆಯಲ್ಲಿ ತಾನಾಗಿಯೇ ಆಗುತ್ತದೆಂದು ನಾನು ತಿಳಿದುಕೊಂಡಿರುವುದು ಏನೇನಿದೆಯೋ ಎಂದು ಸ್ವಲ್ಪ ಹೊತ್ತು ಯೋಚಿಸುತ್ತ ಕುಳಿತೆ. ಕಾದಂಬರಿ ಇದ್ದದ್ದೇ ಅಲ್ಲಿ. ಲೇಖಕರು ಅಲ್ಲಿ ಒಂದು ಪುಟವಾದರೂ ನಿಲ್ಲಬಾರದಿತ್ತೇ? ಮುಂದಿನ ಸಾಲಿಗೇ ಅತ್ತೆ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟರು. ಆಸ್ಪತ್ರೆ, ಕಣ್ಣೀರು, ಕ್ಷಮೆ, ಶುಭಂ.

ಪುಸ್ತಕ ಈಗ ನಮ್ಮವರ ಕೈಯಲ್ಲಿದೆ. ಗೆರೆಗಳ ಜಾಡು ಹಿಡಿದೇ ಓದುತ್ತಿದ್ದಾರೆ, ಇನ್ನೂ ಏನೇನು ಆರೋಪಗಳಿವೆಯೋ ಎಂದು. 'ಟ್ರ್ಯಾಕ್ಟರಂತೆ!' ಎಂದು ಆಗಲೇ ಗೊಳ್ಳೆಂದು ನಕ್ಕದ್ದು ಪಕ್ಕದ ಕೋಣೆಯವರೆಗೂ ಕೇಳಿಸಿತು. ಇದೇ ಲೇಖಕರ ಇನ್ನೊಂದು ಪುಸ್ತಕ ಸಿಗುತ್ತದೆಯೇ ಎಂದು ಕೇಳುತ್ತಿದ್ದಾರೆ.