1967ರ ದಂಗೆ ಮಾಡಿದ್ದು ಪಾಪಾಗೋಸ್ ಅಲ್ಲ

ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡ್ತಿದೆ: 'ಗ್ರೀಸ್‌ನ ಸೇನಾಧಿಕಾರಿ ಅಲೆಕ್ಸಾಂಡ್ರೋಸ್ ಪಾಪಾಗೋಸ್ 1967ರಲ್ಲಿ ಟ್ಯಾಂಕ್ ನುಗ್ಗಿಸಿ ಪ್ರಧಾನಿಯಾದ.' ಇದು ತಪ್ಪು. ಪಾಪಾಗೋಸ್ ತೀರಿಕೊಂಡಿದ್ದೇ 1955ರ ಅಕ್ಟೋಬರ್ 4ರಂದು, ಪ್ರಧಾನಿಯಾಗಿದ್ದಾಗಲೇ.

1967ರ ಏಪ್ರಿಲ್ 21ರಂದು ಅಥೆನ್ಸ್ ಬೀದಿಗೆ ಟ್ಯಾಂಕ್ ಇಳಿಸಿದ ಗುಂಪಿನ ಮುಂದಾಳು ಕರ್ನಲ್ ಯೋರ್ಗೋಸ್ ಪಾಪಡೋಪೌಲೋಸ್. ಹೆಸರು ಹತ್ತಿರ ಹತ್ತಿರ ಇದೆ, ಗೊಂದಲ ಆಗೋದು ಸಹಜ.

ಪಾಪಾಗೋಸ್ ಕಥೆಯೇ ಬೇರೆ. 1940ರಲ್ಲಿ ಇಟಲಿ ದಾಳಿ ಮಾಡಿದಾಗ ಗ್ರೀಕ್ ಸೇನೆಯ ದಂಡನಾಯಕ ಅವರೇ. ಆಮೇಲೆ ಜರ್ಮನ್ನರು ಹಿಡಿದು ಡಾಖಾವ್ ಸೇರಿದಂತೆ ಸೆರೆಶಿಬಿರಗಳಲ್ಲಿಟ್ಟರು. 1949ರಲ್ಲಿ ಅಂತರ್ಯುದ್ಧದ ಕೊನೆಯ ಹಂತದಲ್ಲೂ ಸೇನೆ ಅವರ ಕೈಯಲ್ಲೇ ಇತ್ತು. 1951ರಲ್ಲಿ ಸೇನೆ ಬಿಟ್ಟು 'ಗ್ರೀಕ್ ರ‍್ಯಾಲಿ' ಪಕ್ಷ ಕಟ್ಟಿದರು. ಆ ವರ್ಷದ ಚುನಾವಣೆಯಲ್ಲಿ ಅತಿ ಹೆಚ್ಚು ಸೀಟು ಬಂದರೂ ಬಹುಮತ ಸಿಗಲಿಲ್ಲ. 1952ರ ನವೆಂಬರ್‌ನಲ್ಲಿ 300ರಲ್ಲಿ 247 ಸೀಟು! ಮತ ಮಾತ್ರ ಅರ್ಧಕ್ಕಿಂತ ತುಸು ಕಮ್ಮಿ; ಆಗಿನ ಚುನಾವಣಾ ಪದ್ಧತಿ ದೊಡ್ಡ ಪಕ್ಷಕ್ಕೆ ಅಷ್ಟು ಅನುಕೂಲವಾಗಿತ್ತು.

ಹಾಗಂತ ದಂಗೆಯ ಸೋಂಕೇ ಇಲ್ಲದವರು ಅಂತಲ್ಲ. 1935ರ ಅಕ್ಟೋಬರ್‌ನಲ್ಲಿ ಆಗಿನ ಪ್ರಧಾನಿ ತ್ಸಾಲ್ದಾರಿಸ್ ಸರ್ಕಾರವನ್ನು ಇಳಿಸಿದ ಸೇನಾಧಿಕಾರಿಗಳಲ್ಲಿ ಅವರೂ ಒಬ್ಬರು. ಆದರೆ ಪ್ರಧಾನಿ ಕುರ್ಚಿ ಸಿಕ್ಕಿದ್ದು ಮತಪೆಟ್ಟಿಗೆಯಿಂದ.

ಯಾವುದೇ ಗ್ರೀಕ್ ಚುನಾವಣಾ ದಾಖಲೆ ತೆಗೆದು ನೋಡಿ, 1952ರ ಫಲಿತಾಂಶ ಸಿಗುತ್ತೆ. ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪ್‌ಗೆ ಇದನ್ನೂ ಹಾಕಿಬಿಡಿ.